ಕೊರೆಯುವ ಚಳಿಯಲ್ಲಿ ಬಡವರ ಮನೆಗೆ ನೆರವು: ದುಡ್ಡು ಮೊದಲು ಎಲ್ಲಿ ಹಾಕಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಚಿಕ್ಕ ಸೇವಾ ತಂಡ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವಂಥ ಕಡೆ ಬಡ ಕುಟುಂಬಗಳ ಮನೆಗೆ ನೆರವಾಗಲು ಚಂದಾ ಎತ್ತಿದ್ದೇವೆ. ಈಗ ತಂಡದಲ್ಲಿ ಎರಡು ಮಾತು. ಒಂದೆರಡು ಹೊಸ ಮನೆ ಕಟ್ಟಿಕೊಡೋಣ ಅಂತ ಕೆಲವರು, ಎಲ್ಲರಿಗೂ ಹೀಟರ್, ಕಂಬಳಿ ಹಂಚೋಣ ಅಂತ ಇನ್ನು ಕೆಲವರು. ನೀವು ಇಂಥ ಕಡೆ ಕೆಲಸ ಮಾಡಿದ ಎಂಜಿನಿಯರ್. ಏನು ಮಾಡಿದರೆ ಒಳ್ಳೆಯದು?

ಉತ್ತರ: ನಮಸ್ಕಾರ. ಎರಡಕ್ಕೂ ಮೊದಲು ಈಗಿರುವ ಮನೆಗಳನ್ನು ಸರಿಪಡಿಸಿ. ಒಂದು ಹೊಸ ಮನೆಯ ಖರ್ಚಿನಲ್ಲಿ ಎಷ್ಟೋ ಹಳೆ ಮನೆಗಳ ಸೂರು, ಕಿಟಕಿ, ಬಾಗಿಲು ಭದ್ರವಾಗುತ್ತವೆ. ಹೀಟರ್ ಕೊಟ್ಟರೆ ಅದನ್ನು ಉರಿಸುವ ಖರ್ಚು ತಿಂಗಳು ತಿಂಗಳೂ ಆ ಮನೆಯವರ ತಲೆ ಮೇಲೇ ಬೀಳುತ್ತದೆ. ಸಂದು ಬಿಟ್ಟ ಮನೆಯಲ್ಲಿ ಹೀಟರ್ ಹಚ್ಚುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ನ್ಯೂಜಿಲೆಂಡಿನಲ್ಲಿ 1350 ಮನೆಗಳನ್ನು ತೆಗೆದುಕೊಂಡು ಒಂದು ಅಧ್ಯಯನ ಮಾಡಿದರು, 2007ರಲ್ಲಿ ಪ್ರಕಟವಾಯಿತು. ಪ್ರತಿ ಮನೆಯಲ್ಲೂ ಉಸಿರಾಟದ ತೊಂದರೆ ಇರುವವರು ಒಬ್ಬರಾದರೂ ಇದ್ದರು. ಹಳೆ ಮನೆಗಳಿಗೆ ಇನ್ಸುಲೇಷನ್, ಅಂದರೆ ಒಳಗಿನ ಬಿಸಿ ಹೊರಗೆ ಹೋಗದ ಹಾಗೆ ತಡೆಯುವ ಪದರ ಹಾಕಿದರು, ಅಷ್ಟೇ. ಕೋಣೆಯ ಬಿಸಿ ಏರಿದ್ದು ಸ್ವಲ್ಪ ಮಾತ್ರ. ಆದರೆ ತೇವ ಇಳಿಯಿತು, ಎದೆಯಲ್ಲಿ ಗೊರ ಗೊರ ಅನ್ನುವುದು ಕಡಿಮೆಯಾಯಿತು, ಮಕ್ಕಳು ಶಾಲೆ ತಪ್ಪಿಸುವುದೂ ದೊಡ್ಡವರು ಕೆಲಸ ತಪ್ಪಿಸುವುದೂ ಕಡಿಮೆಯಾಯಿತು. ನನಗೆ ಈ ಕೊನೆಯ ಮಾತೇ ದೊಡ್ಡದು. ದಿನಗೂಲಿ ಮಾಡುವವರ ಮನೆಯಲ್ಲಿ ಒಂದು ದಿನದ ಜ್ವರ ಅಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಅಲ್ವಾ?

ಎಷ್ಟು ಬೆಚ್ಚಗಿದ್ದರೆ ಸಾಕು ಅಂತ ಕೇಳುತ್ತೀರಿ. ಚಳಿ ಇರುವ ಕಡೆ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಹಸುಗೂಸು, ವಯಸ್ಸಾದವರು ಇದ್ದರೆ ಇನ್ನೂ ಜಾಸ್ತಿ ಬೇಕಾಗಬಹುದು.

ಪ್ರಶ್ನೆ: ಹಾಗಾದರೆ ಯಾವ ಕೆಲಸದಿಂದ ಶುರು ಮಾಡಬೇಕು ಮೇಡಂ?

ಉತ್ತರ: ಸೂರು ಸೋರುತ್ತಿದ್ದರೆ ಅದೇ ಮೊದಲು. ಇನ್ಸುಲೇಷನ್ ಆಗಿ ಹಾಕುವ ಗ್ಲಾಸ್ ವೂಲ್ (ಗಾಜಿನ ಎಳೆಗಳ ಹತ್ತಿಯಂಥ ಹಾಸು) ಒದ್ದೆಯಾದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಆಮೇಲೆ ಸಂದುಗಳು. ಬಿಸಿ ಗಾಳಿ ಮೇಲೇರಿ ಚಾವಣಿಯ ಸಂದುಗಳಿಂದ ಹೊರಗೆ ಹೋಗುತ್ತದೆ. ಹೋದಷ್ಟೂ ತಣ್ಣನೆ ಗಾಳಿಯನ್ನು ಕೆಳಗಿನ ಸಂದುಗಳಿಂದ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಬರೀ ಬಾಗಿಲ ಕೆಳಗೆ ಬಟ್ಟೆ ತುರುಕಿದರೆ ಸಾಲದು, ಮೇಲಿನದನ್ನೂ ಮುಚ್ಚಬೇಕು.

ಸಂದು ಹುಡುಕಲು ದುಬಾರಿ ಯಂತ್ರ ಬೇಡ. ಗಾಳಿ ಬೀಸುವ ದಿನ ಒಂದು ಊದುಬತ್ತಿ ಹಚ್ಚಿ. ಕಿಟಕಿಯ ಚೌಕಟ್ಟು, ಗೋಡೆಗೂ ಚಾವಣಿಗೂ ನಡುವಿನ ಮೂಲೆ, ವೈರು ಪೈಪು ತೂರಿದ ತೂತು, ಇವುಗಳ ಹತ್ತಿರ ನಿಧಾನವಾಗಿ ಹಿಡಿದು ಸಾಗಿ. ನೆಟ್ಟಗೆ ಏರುತ್ತಿದ್ದ ಹೊಗೆ ತಟ್ಟನೆ ಅಡ್ಡಕ್ಕೆ ವಾಲಿದರೆ ಅಲ್ಲೊಂದು ಗುರುತು ಹಾಕಿ. ಪರದೆಗೆ ಕಿಡಿ ತಾಗದ ಹಾಗೆ ನೋಡಿಕೊಳ್ಳಿ. ಸಂದು ಮುಚ್ಚಿದ ಮೇಲೆ ಚಾವಣಿಗೆ ಇನ್ಸುಲೇಷನ್, ನಂತರ ಗೋಡೆ, ನೆಲ. ಕಿಟಕಿ ಬದಲಾಯಿಸುವುದು ಕೊನೆಗೆ, ಅದು ದುಬಾರಿ.

ಇನ್ನೊಬ್ಬ ಸದಸ್ಯರು: ಸುಮ್ನೆ ಎಲ್ಲ ಕಡೆ ಪ್ಲಾಸ್ಟಿಕ್ ಹಾಳೆ ಬಡಿದುಬಿಟ್ಟರೆ ಅಗ್ಗ ಅಲ್ವಾ?

ಉತ್ತರ: ದಯವಿಟ್ಟು ಬೇಡ. ಒಳಗೆ ಒಲೆ ಉರಿಯುವ ಮನೆಯನ್ನು ಪೂರ್ತಿ ಬಿಗಿದರೆ ಜೀವಕ್ಕೇ ಅಪಾಯ. ಉರಿ ಸರಿಯಾಗಿ ಉರಿಯದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ ಬಡವರು ಉಣ್ಣೆ ಹೊದಿಕೆಯ ಗುಡಾರದಂಥ ಮನೆಗಳಲ್ಲಿ ಕಲ್ಲಿದ್ದಲು ಉರಿಸುತ್ತಿದ್ದರು. ಹೊಗೆ ತಡೆಯಲು 2019ರಲ್ಲಿ ಮಾಮೂಲಿ ಕಲ್ಲಿದ್ದಲು ನಿಷೇಧಿಸಿ ಸಂಸ್ಕರಿಸಿ ಅಚ್ಚು ಹಾಕಿದ ಕಲ್ಲಿದ್ದಲ ಉಂಡೆ ಕೊಟ್ಟರು. ಉದ್ದೇಶ ಒಳ್ಳೆಯದೇ. ಆದರೂ ಆ ವರ್ಷ ಈ ವಿಷಾನಿಲಕ್ಕೆ ಸಿಕ್ಕಿ ಕೆಲವರು ಸತ್ತರು. ಹಾಗಾಗಿ ಒಲೆ ಇರುವ ಮನೆಗೆ ಚಿಮಣಿ ಪರೀಕ್ಷೆ, ಗಾಳಿ ಬರಲು ಒಂದು ದಾರಿ, ಅಪಾಯ ತಿಳಿಸುವ ಅಲಾರಂ, ಈ ಮೂರೂ ಇರಲೇಬೇಕು. ಇಷ್ಟಕ್ಕೆ ದುಡ್ಡು ಸಾಲದಿದ್ದರೆ ಮನೆಗಳ ಸಂಖ್ಯೆ ಕಡಿಮೆ ಮಾಡಿ, ಇವನ್ನು ಬಿಡಬೇಡಿ.

ತೇವದ ಮಾತೂ ಇದೆ. ಅಡುಗೆ, ಸ್ನಾನ, ಉಸಿರು ಎಲ್ಲದರಿಂದಲೂ ಆವಿ ಬರುತ್ತದೆ. ಅದು ತಣ್ಣನೆ ಗೋಡೆಗೆ ತಾಗಿ ನೀರಾಗಿ ಬೂಷ್ಟು ಹಿಡಿಯುತ್ತದೆ. ಚಳಿ ಪ್ರದೇಶದಲ್ಲಿ ಆವಿ ತಡೆಯುವ ಹಾಳೆ ಇನ್ಸುಲೇಷನ್‌ನ ಬೆಚ್ಚಗಿನ ಕಡೆ, ಅಂದರೆ ಮನೆಯ ಒಳಮುಖಕ್ಕೆ ಬರಬೇಕು. ತಿರುಗಾಮುರುಗಾ ಹಾಕಿದರೆ ಗೋಡೆಯೊಳಗೇ ನೀರು ನಿಂತು ಮರ ಕೊಳೆಯುತ್ತದೆ.

ಪ್ರಶ್ನೆ: ಹೆಚ್ಚಿನವರು ಬಾಡಿಗೆ ಮನೆಯಲ್ಲಿದ್ದಾರೆ ಮೇಡಂ. ನಾವು ರಿಪೇರಿ ಮಾಡಿಸಿದ ಮೇಲೆ ಮಾಲೀಕರು ಬಾಡಿಗೆ ಏರಿಸಿದರೆ?

ಉತ್ತರ: ಖಂಡಿತ ಏರಿಸುವವರಿದ್ದಾರೆ. ಕೆಲಸ ಶುರು ಮಾಡುವ ಮೊದಲೇ ಕಾಗದ ಮಾಡಿಸಿ. ಇಷ್ಟು ವರ್ಷ ಬಾಡಿಗೆ ಏರಿಸುವುದಿಲ್ಲ, ಬಿಡಿಸುವುದಿಲ್ಲ ಅಂತ ಮಾಲೀಕರು ಸಹಿ ಹಾಕಲಿ. ಒಪ್ಪದಿದ್ದರೆ ಆ ಮನೆಯ ಗೋಡೆಗೆ ದುಡ್ಡು ಸುರಿಯಬೇಡಿ. ಕುಟುಂಬ ಹೋಗುವಾಗ ಜೊತೆಗೆ ಒಯ್ಯಬಹುದಾದ ದಪ್ಪ ಪರದೆ, ನೆಲಹಾಸು, ಒಳ್ಳೆಯ ಹಾಸಿಗೆ ಕೊಡಿ.

ಇನ್ನೊಬ್ಬ ಸದಸ್ಯರು: ಮನೆಯವರಿಂದಲೂ ಕೆಲಸ ಮಾಡಿಸಬೇಕಾ?

ಉತ್ತರ: ಆಗುವವರು ಮಾಡಲಿ. 1976ರಲ್ಲಿ ಅಮೆರಿಕದಲ್ಲಿ ಶುರುವಾದ ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿ ಸಂಸ್ಥೆ ಈ ಪದ್ಧತಿಯಿಂದಲೇ ಹೆಸರಾಗಿದೆ. ಮನೆ ಪಡೆಯುವವರೂ ಕಟ್ಟುವುದಕ್ಕೆ ಕೈ ಜೋಡಿಸುತ್ತಾರೆ. ತಾವೇ ಸಂದು ಮುಚ್ಚಿದವರಿಗೆ ಮುಂದಿನ ವರ್ಷ ಅದು ಬಿಟ್ಟುಕೊಂಡರೆ ಸರಿಪಡಿಸಲೂ ಬರುತ್ತದೆ. ಆದರೆ ಕಾಯಿಲೆಯವರಿಗೆ, ಒಬ್ಬಂಟಿ ತಾಯಂದಿರಿಗೆ ಇದನ್ನು ಷರತ್ತು ಮಾಡಬೇಡಿ.

ಪ್ರಶ್ನೆ: ಕೆಲಸ ಮುಗಿದ ಮೇಲೆ ಏನನ್ನು ನೋಡಬೇಕು?

ಉತ್ತರ: ಚೆನ್ನಾಗಿ ಚಳಿ ಬಿದ್ದ ಮೇಲೆ ಒಂದು ಸಂಜೆ ಹೋಗಿ. ಥರ್ಮಾಮೀಟರನ್ನು ಒಲೆಯ ಹತ್ತಿರ ಇಡಬೇಡಿ, ಮಕ್ಕಳು ಮಲಗುವ ಕೋಣೆಯಲ್ಲಿಡಿ. ಹೊರಗೋಡೆಗೆ ತಾಗಿದ ಬೀರುವನ್ನು ಮುಂದಕ್ಕೆ ಎಳೆದು ಹಿಂದೆ ಬೂಷ್ಟು ಇದೆಯಾ ನೋಡಿ. ಹೋದ ವರ್ಷಕ್ಕಿಂತ ಸೌದೆ, ಕರೆಂಟು ಕಡಿಮೆ ಸಾಕಾಯಿತಾ ಅಂತ ಮನೆಯವರನ್ನು ಕೇಳಿ. ಇದಕ್ಕೂ ಸ್ವಲ್ಪ ದುಡ್ಡು ಈಗಲೇ ತೆಗೆದಿಡಿ. ಮತ್ತೆ ಮುಚ್ಚಬೇಕಾದ ಸಂದುಗಳು ಆಗ ಖಂಡಿತ ಸಿಗುತ್ತವೆ.