ಕಾರ್ಡ್ ನಂಬರ್ ಕೇಳುವ ‘ಉಚಿತ’ ಪಾಠ: ಭಾವನವರ ಪ್ರಶ್ನೆಗೆ ಉತ್ತರ

ಭಾವ, ನಿನ್ನೆ ರಾತ್ರಿ ನೀವು ಗುಂಪಿಗೆ ಹಾಕಿದ್ದನ್ನು ಈಗಷ್ಟೇ ನೋಡಿದೆ. ‘ಜಗತ್ತಿನ ಶ್ರೇಷ್ಠ ವಿಶ್ವವಿದ್ಯಾಲಯಗಳ ಕೋರ್ಸ್‌ಗಳು ಸಂಪೂರ್ಣ ಉಚಿತ, ಇಂದು ಮಧ್ಯರಾತ್ರಿಯವರೆಗೆ ಮಾತ್ರ’ ಎನ್ನುವ ಆ ಲಿಂಕ್ ಒತ್ತಿದರೆ ಕಾರ್ಡ್ ನಂಬರ್ ಕೇಳುತ್ತಿದೆ, ಪುಟ್ಟಿ ಡೇಟಾ ಸೈನ್ಸ್ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ, ಕೊಡಬಹುದೇ, ಅಷ್ಟಕ್ಕೂ ಬಿಟ್ಟಿ ಸಿಗುವ ಪಾಠಕ್ಕೆ ಬೆಲೆಯುಂಟೇ ಎಂದು ಕೇಳಿದ್ದೀರಿ. ಕಾರ್ಡ್ ನಂಬರ್ ಕೊಡಬೇಡಿ. ಉಳಿದದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಮಾತು ಎಲ್ಲೆಲ್ಲಿಗೋ ಹೋಗಬಾರದೆಂದು ಮೊದಲೇ ಬರೆದಿಟ್ಟುಕೊಂಡು ಓದುತ್ತಿದ್ದೇನೆ, ಉದ್ದವಾಯಿತೆಂದು ಉಳಿದವರು ಬೇಸರಿಸಿಕೊಳ್ಳಬಾರದು.

ಉಚಿತ ಎನ್ನುವುದು ಒಂದು, ಮುಕ್ತ ಎನ್ನುವುದು ಇನ್ನೊಂದು. ಉಚಿತವಾಗಿ ಕೊಟ್ಟವರು ನಾಳೆ ಬಾಗಿಲು ಹಾಕಿಕೊಳ್ಳಬಹುದು, ಏಳು ದಿನ ಕೊಟ್ಟು ಎಂಟನೆಯ ದಿನ ತಾನಾಗಿಯೇ ಹಣ ಕಡಿತವಾಗುವಂತೆ ಮಾಡಿರಬಹುದು. ಕಾರ್ಡ್ ನಂಬರ್ ಕೇಳುವುದು ಬಹುಮಟ್ಟಿಗೆ ಅದಕ್ಕಾಗಿಯೇ. ಮುಕ್ತ ಎಂದರೆ ಆ ಪಾಠವನ್ನು ಇಳಿಸಿಕೊಂಡು ಇಟ್ಟುಕೊಳ್ಳುವ, ಇನ್ನೊಬ್ಬರಿಗೆ ಹಂಚುವ, ಎಷ್ಟೋ ಸಲ ತಿದ್ದಿ ನಮ್ಮ ಭಾಷೆಗೆ ತಂದುಕೊಳ್ಳುವ ಹಕ್ಕನ್ನೂ ಬರೆದುಕೊಟ್ಟಿದ್ದಾರೆ ಎಂದರ್ಥ. ಆ ಬರಹ ಸಾಮಾನ್ಯವಾಗಿ ಪುಟದ ಕೆಳತುದಿಯಲ್ಲಿ, ಯಾರೂ ನೋಡದ ಸಣ್ಣ ಅಕ್ಷರಗಳಲ್ಲಿರುತ್ತದೆ. ಅಲ್ಲಿ ಹೆಚ್ಚಾಗಿ ಕಾಣುವುದು 2002ರ ಡಿಸೆಂಬರಿನಲ್ಲಿ ಮೊದಲು ಹೊರಬಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸುಗಳು: ಬಿವೈ ಎಂದಿದ್ದರೆ ಬರೆದವರ ಹೆಸರು ಹೇಳಬೇಕು, ಎನ್‌ಸಿ ಎಂದಿದ್ದರೆ ವ್ಯಾಪಾರಕ್ಕೆ ಬಳಸಬಾರದು, ಎಸ್‌ಎ ಎಂದಿದ್ದರೆ ತಿದ್ದಿದ್ದನ್ನೂ ಅದೇ ಷರತ್ತಿನ ಮೇಲೆ ಹಂಚಬೇಕು, ಎನ್‌ಡಿ ಎಂದಿದ್ದರೆ ತಿದ್ದಿದ್ದನ್ನು ಹಂಚುವಂತೆಯೇ ಇಲ್ಲ. ಷರತ್ತುಗಳನ್ನು ನಾವು ಪಾಲಿಸುವವರೆಗೆ, ಒಮ್ಮೆ ಕೊಟ್ಟ ಈ ಹಕ್ಕನ್ನು ಕೊಟ್ಟವರು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಹೀಗಿರುವಾಗ ‘ಮಧ್ಯರಾತ್ರಿಯವರೆಗೆ ಮಾತ್ರ’ ಎಂಬ ಒಂದೇ ಮಾತು ಸಾಕು, ಅದು ಮುಕ್ತವಲ್ಲ ಎಂದು ತಿಳಿಯುವುದಕ್ಕೆ.

ಇದನ್ನು ನಾನು ಕಲಿತದ್ದು ಏಮಾರಿದ ಮೇಲೆಯೇ. ಒಂದು ತಾಣದಲ್ಲಿ ಹಣ ಕೊಡದೆ ಬರೀ ಪಾಠ ಕೇಳುವ, ಅವರು ಆಡಿಟ್ ಎನ್ನುವ ದಾರಿಯಲ್ಲಿ ಒಂದು ಕೋರ್ಸಿಗೆ ಸೇರಿ, ಅರ್ಧದಷ್ಟು ಮುಗಿಸಿ, ಕೆಲಸದ ಒತ್ತಡದಿಂದ ಕೆಲವು ವಾರ ಬಿಟ್ಟಿದ್ದೆ. ಮರಳಿ ಹೋದಾಗ ಪ್ರತಿಯೊಂದು ಪಾಠದ ಎದುರಿಗೂ ಬೀಗದ ಚಿತ್ರವಿತ್ತು, ನಾನೇ ಟೈಪ್ ಮಾಡಿಟ್ಟ ಟಿಪ್ಪಣಿಗಳೂ ಅದರ ಹಿಂದೆಯೇ ಉಳಿದುಹೋಗಿದ್ದವು. ಅವಧಿ ಇಷ್ಟೇ ಎಂದು ಅವರು ಸೇರುವಾಗಲೇ ಬರೆದಿದ್ದರು, ಓದದೇ ಇದ್ದವನು ನಾನು. ಅಂದಿನಿಂದ ಟಿಪ್ಪಣಿ ಬರೆಯುವುದು ಕಾಗದದ ನೋಟ್‌ಬುಕ್ಕಿನಲ್ಲಿ ಮಾತ್ರ.

ಹಾಗಾದರೆ ನಿಜವಾಗಿ ಕೊಡುವವರು ಯಾರು, ಏಕೆ ಕೊಡುತ್ತಾರೆ ಎಂಬ ಅನುಮಾನ ನಿಮಗೆ ಬಂದೇ ಬರುತ್ತದೆ. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಇಂಟರ್ನೆಟ್‌ನಿಂದ ಏನು ಮಾಡಬಹುದೆಂದು ಯೋಚಿಸಲು ಅಧ್ಯಾಪಕರ ಸಮಿತಿಯೊಂದನ್ನು ಕೂರಿಸಿದ್ದರು. ಪಾಠಗಳನ್ನು ಮಾರುವುದಕ್ಕಿಂತ ಹಂಚಿಬಿಡುವುದೇ ಮೇಲು ಎಂಬ ತೀರ್ಮಾನಕ್ಕೆ ಆ ಸಮಿತಿ ಬಂತು. 2001ರಲ್ಲಿ ‘ಓಪನ್ ಕೋರ್ಸ್‌ವೇರ್’ ಎಂದು ಘೋಷಿಸಿ, ಮರುವರ್ಷ 50 ಕೋರ್ಸ್‌ಗಳಿಂದ ಆರಂಭಿಸಿದರು, ಇಂದು ಅವು 2,500ಕ್ಕೂ ಹೆಚ್ಚಾಗಿವೆ. ಪದವಿಯನ್ನಾಗಲಿ ಅಧ್ಯಾಪಕರ ಸಮಯವನ್ನಾಗಲಿ ಅವರು ಹೀಗೆ ಹಂಚುವುದಿಲ್ಲ, ಹಂಚುವುದು ಪಾಠದ ಸಾಮಗ್ರಿಯನ್ನು ಮಾತ್ರ. ಅಲ್ಲಿ ಕಾರ್ಡ್ ನಂಬರ್ ಇರಲಿ, ನಿಮ್ಮ ಹೆಸರನ್ನೂ ಕೇಳುವುದಿಲ್ಲ.

ಡೇಟಾ ಸೈನ್ಸಿಗೆ ಲೀನಿಯರ್ ಆಲ್ಜಿಬ್ರಾ, ಅಂದರೆ ಹಲವು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ಗಣಿತ, ಬೇಕೇ ಬೇಕು. ಎಂಐಟಿಯ ಆ ತಾಣದಲ್ಲಿರುವ, ಅಲ್ಲಿ ಗಣಿತ ಕಲಿಸಿದ ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ಪಾಠಗಳಿಂದಲೇ ಪುಟ್ಟಿ ಆರಂಭಿಸಲಿ. ಹಳೆಯ ವಿಡಿಯೊ, ಬರೀ ಕಪ್ಪುಹಲಗೆ ಮತ್ತು ಸೀಮೆಸುಣ್ಣ. ಮೊದಲ ಪಾಠ ಎರಡೇ ಸಮೀಕರಣಗಳಿಂದ ಆರಂಭವಾಗುತ್ತದೆ: ಎರಡು ಎಕ್ಸ್‌ನಲ್ಲಿ ಒಂದು ವೈ ಕಳೆದರೆ ಸೊನ್ನೆ, ಎರಡು ವೈನಲ್ಲಿ ಒಂದು ಎಕ್ಸ್ ಕಳೆದರೆ ಮೂರು. ಮೊದಲು ಅವರು ನಾವೆಲ್ಲ ಶಾಲೆಯಲ್ಲಿ ಮಾಡಿದ ಹಾಗೆ ಎರಡು ಗೆರೆ ಎಳೆದು, ಅವು ಸೇರುವ ಬಿಂದುವಿನಲ್ಲಿ ಎಕ್ಸ್ ಒಂದು, ವೈ ಎರಡು ಎಂದು ತೋರಿಸುತ್ತಾರೆ. ಆಮೇಲೆ ಅದೇ ಅಂಕಿಗಳನ್ನು ಅಡ್ಡಸಾಲಾಗಿ ಓದದೆ ಉದ್ದಸಾಲಾಗಿ ಓದುತ್ತಾರೆ: ಎಕ್ಸ್ ಮುಂದಿನ ಅಂಕಿಗಳಾದ ಎರಡು, ಮೈನಸ್ ಒಂದು ಎಂಬ ಬಾಣವನ್ನು ಒಂದು ಸಲ, ವೈ ಮುಂದಿನ ಅಂಕಿಗಳಾದ ಮೈನಸ್ ಒಂದು, ಎರಡು ಎಂಬ ಬಾಣವನ್ನು ಎರಡು ಸಲ ಜೋಡಿಸಿದರೆ ನೇರವಾಗಿ ಸೊನ್ನೆ, ಮೂರು ಎಂಬಲ್ಲಿಗೆ ಹೋಗಿ ನಿಲ್ಲುತ್ತೇವೆ. ಲೆಕ್ಕವೂ ಅದೇ, ಉತ್ತರವೂ ಅದೇ, ಆದರೆ ಕಣ್ಣಿಗೆ ಕಾಣುವುದೇ ಬೇರೆ. ಇಷ್ಟು ವರ್ಷ ನನಗೆ ಇದನ್ನು ಯಾರೂ ಹೀಗೆ ತೋರಿಸಿರಲಿಲ್ಲ ಎಂದು ಅಂದು ಸ್ವಲ್ಪ ಸಿಟ್ಟೇ ಬಂದಿತ್ತು.

ಆದರೆ ತಲೆಯಾಡಿಸಿಕೊಂಡು ಆ ವಿಡಿಯೊ ನೋಡಿದ ನನಗೆ, ಅದರ ಜೊತೆಗಿದ್ದ ಅಭ್ಯಾಸದ ಮೊದಲ ಲೆಕ್ಕವೇ ಬಿಡಿಸಲು ಬರಲಿಲ್ಲ. ಕೇಳುವಾಗ ಅರ್ಥವಾದಂತೆ ಅನಿಸಿದ್ದು ಕೈಗೆ ಬಂದಿರಲಿಲ್ಲ. ಹೀಗಾಗಿ ನನ್ನ ಮಟ್ಟಿಗೆ ಮುಕ್ತ ಪಾಠದ ಜೀವವಿರುವುದು ವಿಡಿಯೊದಲ್ಲಲ್ಲ, ಉತ್ತರಸಹಿತವಾಗಿ ಕೊಟ್ಟಿರುವ ಆ ಲೆಕ್ಕಗಳಲ್ಲಿ ಮತ್ತು ಹಳೆಯ ಪರೀಕ್ಷೆಗಳಲ್ಲಿ. ಪುಟ್ಟಿ ಉತ್ತರದ ಕಡತವನ್ನು ತೆರೆಯುವ ಮೊದಲು, ತಪ್ಪೇ ಆದರೂ ಸರಿ, ತನ್ನದೊಂದು ಉತ್ತರವನ್ನು ಬರೆದಿರಬೇಕು.

ಪ್ರೋಗ್ರಾಮಿಂಗಿಗೆ ಹಾರ್ವರ್ಡ್‌ನ ಸಿಎಸ್50 ಎಂಬ ಕೋರ್ಸ್ ಒಳ್ಳೆಯದು. ಅಲ್ಲಿ ವಾರಗಳನ್ನು ಒಂದರಿಂದ ಎಣಿಸದೆ ಸೊನ್ನೆಯಿಂದ ಎಣಿಸುತ್ತಾರೆ, ಕಂಪ್ಯೂಟರಿನವರ ಚಾಳಿ. ಆರಂಭದಲ್ಲಿಯೇ ಹ್ಯಾಷ್ (#) ಚಿಹ್ನೆಗಳನ್ನು ಮೆಟ್ಟಿಲುಮೆಟ್ಟಿಲಾಗಿ ಮುದ್ರಿಸುವ ಒಂದು ಸಣ್ಣ ಸಮಸ್ಯೆ ಬರುತ್ತದೆ. ನೋಡಲು ಮಕ್ಕಳಾಟ, ಬಿಡಿಸಲು ಒಂದು ಸಂಜೆ ಹಿಡಿಯುತ್ತದೆ. ಸಂಖ್ಯಾಶಾಸ್ತ್ರಕ್ಕೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪ್ರಕಟಿಸಿರುವ ಪಠ್ಯಪುಸ್ತಕವನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಶಾಲೆಯ ಗಣಿತ ಎಲ್ಲಾದರೂ ಮರೆತಿದ್ದರೆ ಖಾನ್ ಅಕಾಡೆಮಿ ಎಂಬ ಉಚಿತ ಪಾಠಗಳ ತಾಣಕ್ಕೆ ಹೋಗಿ ಬರಲಿ, ಅದಕ್ಕೆ ನಾಚಿಕೆಪಡಬೇಕಾದದ್ದಿಲ್ಲ.

ಸರ್ಟಿಫಿಕೇಟಿನ ವಿಷಯ. ಸಿಎಸ್50ರ ಕೆಲಸಗಳನ್ನೆಲ್ಲ ಮುಗಿಸಿದರೆ ಕೋರ್ಸಿನವರೇ ಹಣವಿಲ್ಲದೆ ಒಂದು ಸರ್ಟಿಫಿಕೇಟ್ ಕೊಡುತ್ತಾರೆ, ಗುರುತು ಪರಿಶೀಲಿಸಿದ ಸರ್ಟಿಫಿಕೇಟ್ ಬೇಕಾದರೆ ಎಡ್‌ಎಕ್ಸ್ ಎಂಬ ಕೋರ್ಸ್ ತಾಣದ ಮೂಲಕ ಹಣ ಕಟ್ಟಬೇಕು. ಕೆಲಸ ಕೊಡುವವರು ಇಂಥದ್ದೇ ಬೇಕೆಂದು ಕೇಳಿದ ದಿನ ಹಣ ಕಟ್ಟಿದರಾಯಿತು, ಕಲಿಯುವ ಮೊದಲೇ ಕಟ್ಟುವುದು ನನಗಂತೂ ಸರಿಕಾಣುವುದಿಲ್ಲ. ತಾನು ಬರೆದ ನಾಲ್ಕು ಪ್ರೋಗ್ರಾಂಗಳನ್ನು ತೆರೆದು ತೋರಿಸಿ, ಇದನ್ನು ಹೀಗೇಕೆ ಬರೆದೆ ಎಂದು ವಿವರಿಸಬಲ್ಲವಳಾದರೆ ಅದರ ತೂಕವೇ ಹೆಚ್ಚು.

ಇನ್ನು ಅವಳು ಮಧ್ಯದಲ್ಲಿ ಬಿಟ್ಟರೆ ಬೈಯಬೇಡಿ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಎಲ್ಲರಿಗೂ ತೆರೆದಿಟ್ಟಾಗ ಸುಮಾರು 1,60,000 ಮಂದಿ ಹೆಸರು ಬರೆಸಿದ್ದರು, ಮುಗಿಸಿದವರು 20,000ಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ನಾನೇ ಹನ್ನೊಂದಕ್ಕೆ ಸೇರಿ ಎರಡನ್ನು ಮುಗಿಸಿದವನು. ಆ ಎರಡೂ ಮುಗಿದದ್ದು, ಒಬ್ಬ ಗೆಳೆಯ ಅದೇ ಪಾಠವನ್ನು ಅದೇ ವಾರ ಮಾಡುತ್ತಿದ್ದುದರಿಂದ. ಆದ್ದರಿಂದ ಪುಟ್ಟಿಗೆ ಹೇಳಿ, ಅವಳು ಒಪ್ಪಿದರೆ ಸ್ಟ್ರ್ಯಾಂಗ್ ಅವರ ಮೊದಲ ಪಾಠವನ್ನು ಈ ಭಾನುವಾರದಿಂದ ನಾನೂ ಮತ್ತೊಮ್ಮೆ ಅವಳ ಜೊತೆಗೆ ಮಾಡುತ್ತೇನೆ. ಬಿಡಿಸಿದ ಲೆಕ್ಕದ ಫೋಟೊವನ್ನು ನನ್ನ ನಂಬರಿಗೆ ಕಳುಹಿಸಲಿ, ಗುಂಪಿಗೆ ಹಾಕುವುದು ಬೇಡ. ಇಲ್ಲಿ ಅಕ್ಕ ನನ್ನ ಲೆಕ್ಕದ ತಪ್ಪುಗಳನ್ನೂ ಎಣಿಸಲು ಶುರುಮಾಡುತ್ತಾಳೆ.