ಕಳಿಸಿದ ಇಮೇಲ್ ವಾಪಸ್ ಪಡೆಯೋಕೆ ನಿಜಕ್ಕೂ ಎಲ್ಲಿವರೆಗೆ ಸಾಧ್ಯ?

ಕಡತವಿಭಾಗ:
ಎಲ್ಲರಿಗೂ ನಮಸ್ಕಾರ. ತಪ್ಪಾಗಿ ಕಳಿಸಿದ ಮೇಲ್ ವಿಷಯದಲ್ಲಿ ಏನು ಮಾಡಬೇಕು ಅಂತ ನಮ್ಮ ಆಫೀಸಿಗೆ ಒಂದು ಪುಟದ ಸೂಚನೆ ಬರೀತಿದ್ದೀನಿ. ನಮ್ಮದು ಮೈಕ್ರೋಸಾಫ್ಟ್ 365. ಹೆಚ್ಚಿನವರು ವಿಂಡೋಸ್‌ನಲ್ಲಿ ಕ್ಲಾಸಿಕ್ ಔಟ್‌ಲುಕ್ ಬಳಸ್ತಾರೆ, ಕೆಲವರು ಬ್ರೌಸರ್‌ನಲ್ಲೇ ನೋಡ್ತಾರೆ. ಹೊರಗಿನ ಗ್ರಾಹಕರಲ್ಲಿ ಬಹಳ ಜನರದ್ದು ಜಿಮೇಲ್.

ಔಟ್‌ಲುಕ್‌ನ ರೀಕಾಲ್ (ಕಳಿಸಿದ ಮೇಲ್ ವಾಪಸ್ ಪಡೆಯೋ ಆಯ್ಕೆ) ಒತ್ತಿದ್ರೆ ಹೊರಗಿನವರ ಇನ್‌ಬಾಕ್ಸ್‌ನಿಂದಲೂ ಮೇಲ್ ಹೋಗುತ್ತಾ? ಆ ಕಡೆಯವರು ಓದಿ ಆಗಿದ್ರೆ ಏನಾಗುತ್ತೆ? ಜಿಮೇಲ್‌ನ ಅನ್‌ಡೂ ಕೂಡ ಇದೇ ಕೆಲಸ ಮಾಡೋದಾ? ಒಂದೇ ಮೇಲ್ ಒಳಗಿನ ಮೂವತ್ತು ಜನಕ್ಕೂ ಹೊರಗಿನ ಇಬ್ಬರಿಗೂ ಹೋಗಿದ್ರೆ ರೀಕಾಲ್ ಒತ್ತಬೇಕಾ, ಬೇಡವಾ? ಗೊತ್ತಿರೋರು ಸ್ವಲ್ಪ ವಿವರವಾಗಿ ಹೇಳಿ.

ಸರ್ವರ್‌ಕೋಣೆ:
ಹೊರಗಿನವರ ಇನ್‌ಬಾಕ್ಸ್‌ನಿಂದ ಹೋಗಲ್ಲ. ಇದನ್ನ ಸೂಚನೆಯ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಹಾಕಿ. ರೀಕಾಲ್ ಅನ್ನೋ ಗುಂಡಿ ಇದೆ ಅಂತ ಗೊತ್ತಾದ ಕೂಡಲೇ ಜನ ನಿಶ್ಚಿಂತರಾಗಿಬಿಡ್ತಾರೆ, ಆಮೇಲೆ ಮಾಡಲೇಬೇಕಾದ ಕೆಲಸ ತಡವಾಗುತ್ತೆ.

ಕಾರಣ ಇಷ್ಟೇ. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಮೇಲ್ ಸಾಗಿಸೋದು ಎಸ್‌ಎಮ್‌ಟಿಪಿ, 1982ರಿಂದ ಇರೋ ಪದ್ಧತಿ. ಅದರಲ್ಲಿ ಮೇಲ್ ಒಪ್ಪಿಸೋಕೆ ಆಜ್ಞೆಗಳಿವೆ, ಒಪ್ಪಿಸಿದ್ದನ್ನ ಅಳಿಸು ಅನ್ನೋಕೆ ಆಜ್ಞೆಯೇ ಇಲ್ಲ. ಆ ಕಡೆ ಸರ್ವರ್ 250 (ಸ್ವೀಕರಿಸಿದ್ದೇನೆ ಅನ್ನೋ ಸಂಕೇತ) ಅಂತ ಉತ್ತರ ಕೊಟ್ಟ ಕ್ಷಣಕ್ಕೆ ಆ ಮೇಲ್‌ನ ಜವಾಬ್ದಾರಿ ಅದರದ್ದು. ಅಲ್ಲಿಂದಾಚೆ ಅದು ಅವರ ಡಿಸ್ಕಿನಲ್ಲಿದೆ, ನಮ್ಮ ಕೈ ಅಲ್ಲಿಗೆ ತಲುಪಲ್ಲ. ಒಂದೇ ಒಂದು ಕಿಂಡಿ ಇದೆ: ಆ ಕಡೆ ಸರ್ವರ್ ಸದ್ಯಕ್ಕೆ ಸಿಗದಿದ್ರೆ ಮೇಲ್ ನಮ್ಮ ಸರ್ವರ್‌ನ ಕ್ಯೂನಲ್ಲೇ (ಸರದಿಯಲ್ಲೇ) ಕಾಯ್ತಾ, ಆಗಾಗ ಮತ್ತೆ ಪ್ರಯತ್ನಿಸುತ್ತೆ, ದಿನಗಟ್ಟಲೆ ಕೂಡ. ಸ್ವಂತ ಮೇಲ್ ಸರ್ವರ್ ಇಟ್ಟವರು ಅಷ್ಟರಲ್ಲಿ ಕ್ಯೂನಿಂದ ತೆಗೆದುಹಾಕಬಹುದು. ಲಾಗ್‌ನಲ್ಲಿ 250 ಬಿತ್ತು ಅಂದ್ರೆ ಮುಗೀತು.

ರೀಕಾಲ್ ಕೆಲಸ ಮಾಡೋದು ಕಳಿಸಿದವರ ಮತ್ತು ಪಡೆದವರ ಮೇಲ್ ಡಬ್ಬಿ ಎರಡೂ ಒಂದೇ ಸಂಸ್ಥೆಯ ಎಕ್ಸ್‌ಚೇಂಜ್‌ನಲ್ಲಿ (ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್‌ನಲ್ಲಿ) ಇದ್ದಾಗ ಮಾತ್ರ. ಹೊರಗಿನವರೂ ಮೈಕ್ರೋಸಾಫ್ಟ್ 365 ಬಳಸಿದ್ರೂ ಸಂಸ್ಥೆ ಬೇರೆ ಆದ್ರೆ ಉಪಯೋಗವಿಲ್ಲ. ಕ್ಲಾಸಿಕ್‌ನಲ್ಲಿ ಮಾಡೋ ರೀತಿ: ಸೆಂಟ್ ಐಟಮ್ಸ್‌ಗೆ ಹೋಗಿ ಆ ಮೇಲ್ ಮೇಲೆ ಡಬಲ್ ಕ್ಲಿಕ್ ಮಾಡಿ, ಬೇರೆ ಕಿಟಕಿಯಲ್ಲಿ ತೆರೀಬೇಕು. ಪಕ್ಕದ ರೀಡಿಂಗ್ ಪೇನ್‌ನಲ್ಲಿ ನೋಡ್ತಾ ಆಯ್ಕೆ ಹುಡುಕಿ, ಇಲ್ಲ ಅಂತ ಕೈಬಿಡೋರು ತುಂಬ ಜನ. ಆಮೇಲೆ ಫೈಲ್, ಇನ್ಫೋ, ರೀಸೆಂಡ್ ಆರ್ ರೀಕಾಲ್, ರೀಕಾಲ್ ದಿಸ್ ಮೆಸೇಜ್. ಬ್ರೌಸರ್‌ನಲ್ಲೂ ಹೀಗೇ ಡಬಲ್ ಕ್ಲಿಕ್ ಮಾಡಿ ತೆರೆದ್ರೆ ಮೇಲಿನ ಪಟ್ಟಿಯಲ್ಲಿ ರೀಕಾಲ್ ಮೆಸೇಜ್ ಇರುತ್ತೆ. ಸ್ವಲ್ಪ ಹೊತ್ತಿಗೆ ವರದಿಯ ಕೊಂಡಿ ಇರೋ ಒಂದು ಮೇಲ್ ಬರುತ್ತೆ. ಯಾರ ಡಬ್ಬಿಯಿಂದ ಹೋಯ್ತು, ಯಾರದ್ದರಲ್ಲಿ ಆಗಲಿಲ್ಲ ಅಂತ ಅದರಲ್ಲಿ ಹೆಸರು ಹೆಸರಾಗಿ ಇರುತ್ತೆ. ಅದನ್ನ ತೆರೆದು ನೋಡದೆ "ರೀಕಾಲ್ ಆಯ್ತು" ಅಂತ ಯಾರೂ ಹೇಳಬಾರದು.

ಓದಿದ್ರೆ ಏನು ಅನ್ನೋದಕ್ಕೆ ಹಳೇ ಉತ್ತರ, ಹೊಸ ಉತ್ತರ ಎರಡೂ ಇವೆ. ಹಳೇ ವಿಧಾನದಲ್ಲಿ ರೀಕಾಲ್ ಕೋರಿಕೆಯೇ ಇನ್ನೊಂದು ಮೇಲ್ ಆಗಿ ಹೋಗ್ತಿತ್ತು, ಅದನ್ನ ಜಾರಿ ಮಾಡ್ತಿದ್ದದ್ದು ಆ ಕಡೆಯವರ ಔಟ್‌ಲುಕ್. ಓದಿದ್ರೆ ವಿಫಲ, ರೂಲ್‌ನಿಂದ (ಮೇಲ್ ತಾನಾಗೇ ವಿಂಗಡಿಸೋ ನಿಯಮದಿಂದ) ಬೇರೆ ಫೋಲ್ಡರ್‌ಗೆ ಹೋಗಿದ್ರೂ ವಿಫಲ. ಸಂಸ್ಥೆಯದೇ ಸರ್ವರ್‌ನಲ್ಲಿ ಎಕ್ಸ್‌ಚೇಂಜ್ ಇಟ್ಟುಕೊಂಡಿರೋ ಕಡೆ ಇವತ್ತಿಗೂ ಹೀಗೇ. 2023ರಲ್ಲಿ ಕ್ಲೌಡ್‌ಗೆ, ಅಂದ್ರೆ ನಿಮ್ಮ ಮೈಕ್ರೋಸಾಫ್ಟ್ 365ಕ್ಕೆ, ಬಂದ ಹೊಸ ವಿಧಾನ ನೇರ ಸರ್ವರ್‌ನಲ್ಲಿರೋ ಡಬ್ಬಿಯಿಂದಲೇ ತೆಗೆಯುತ್ತೆ. ಯಾವ ಆ್ಯಪ್, ಯಾವ ಫೋಲ್ಡರ್ ಅನ್ನೋದು ಲೆಕ್ಕಕ್ಕಿಲ್ಲ, ಓದಿದ ಮೇಲ್ ಕೂಡ ಹೋಗುತ್ತೆ. ಆದ್ರೆ ಓದಿದ್ದನ್ನ ತೆಗೆಯೋದು ಬೇಡ ಅಂತ ನಿಮ್ಮ ಅಡ್ಮಿನ್ ನಿಲ್ಲಿಸಿರಬಹುದು, ಅವರನ್ನ ಕೇಳಿಯೇ ಸೂಚನೆಯಲ್ಲಿ ಬರೀರಿ. ಡಬ್ಬಿಯಿಂದ ಹೋಯ್ತು ಅಂದ್ರೆ ತಲೆಯಿಂದ ಹೋಯ್ತು ಅಂತಲ್ಲ. ಅಷ್ಟರಲ್ಲಿ ಯಾರಾದ್ರೂ ಫಾರ್ವರ್ಡ್ ಮಾಡಿದ್ರೆ ಅದು ಬೇರೆಯೇ ಮೇಲ್, ಅದು ಉಳಿಯುತ್ತೆ. ಇಳಿಸಿಕೊಂಡ ಅಟ್ಯಾಚ್‌ಮೆಂಟ್ ಉಳಿಯುತ್ತೆ.

ಅಂಚೆತಡೆ:
ಅನ್‌ಡೂ ಪ್ರಶ್ನೆಗೆ ನಾನು ಸೇರಿಸ್ತೀನಿ. ಜಿಮೇಲ್‌ನ ಅನ್‌ಡೂ ಸೆಂಡ್ ವಾಪಸ್ ಕರೆಯೋದಲ್ಲ, ತಡೆದು ಇಟ್ಟುಕೊಳ್ಳೋದು. ಆ ಕೆಲವು ಸೆಕೆಂಡು ಮೇಲ್ ಹೊರಟೇ ಇರಲ್ಲ, ಅದಕ್ಕೇ ಯಾರಿಗೆ ಬರೆದಿದ್ರೂ ಅದು ಕೆಲಸ ಮಾಡುತ್ತೆ. ಸಿಗೋದು 5, 10, 20 ಅಥವಾ 30 ಸೆಕೆಂಡ್. ನಾವು ಬದಲಾಯಿಸದಿದ್ರೆ 5. ಸೆಟ್ಟಿಂಗ್ಸ್, ಸೀ ಆಲ್ ಸೆಟ್ಟಿಂಗ್ಸ್, ಜನರಲ್, ಅಲ್ಲಿ ಅನ್‌ಡೂ ಸೆಂಡ್ 30 ಮಾಡಿ, ಪುಟದ ಕೊನೆವರೆಗೂ ಇಳಿದು ಸೇವ್ ಚೇಂಜಸ್ ಒತ್ತಬೇಕು. ಕೊನೆಯ ಹೆಜ್ಜೆ ಮರೆತ್ರೆ ಮತ್ತೆ 5ಕ್ಕೇ ನಿಂತಿರುತ್ತೆ. ಬ್ರೌಸರ್‌ನ ಔಟ್‌ಲುಕ್‌ನಲ್ಲಿ ಸೆಟ್ಟಿಂಗ್ಸ್, ಮೇಲ್, ಕಂಪೋಸ್ ಅಂಡ್ ರಿಪ್ಲೈ ಒಳಗಿದೆ, ಹೆಚ್ಚೆಂದ್ರೆ 10 ಸೆಕೆಂಡ್. ಐಫೋನ್‌ನ ಮೇಲ್ ಆ್ಯಪ್‌ನಲ್ಲಿ ಐಓಎಸ್ 16ರಿಂದ 10, 20, 30.

ನಿಮ್ಮವರು ಕ್ಲಾಸಿಕ್ ಬಳಸೋದ್ರಿಂದ ಇದಕ್ಕಿಂತ ಒಳ್ಳೇದು ಒಂದಿದೆ. ನನ್ನ ಪ್ರಕಾರ ಸೂಚನೆಯಲ್ಲಿ ರೀಕಾಲ್‌ಗಿಂತ ಮೊದಲು ಬರಬೇಕಾದ್ದು ಇದು. ಫೈಲ್, ಮ್ಯಾನೇಜ್ ರೂಲ್ಸ್ ಅಂಡ್ ಅಲರ್ಟ್ಸ್, ನ್ಯೂ ರೂಲ್, ಅಪ್ಲೈ ರೂಲ್ ಆನ್ ಮೆಸೇಜಸ್ ಐ ಸೆಂಡ್. ಷರತ್ತು ಯಾವುದನ್ನೂ ಗುರುತು ಮಾಡದೆ ನೆಕ್ಸ್ಟ್. ಎಲ್ಲ ಮೇಲ್‌ಗೂ ಅನ್ವಯಿಸಲಾ ಅಂತ ಕೇಳಿದ್ರೆ ಯೆಸ್. ಡಿಫರ್ ಡೆಲಿವರಿ (ತಡವಾಗಿ ಕಳಿಸು) ಗುರುತು ಮಾಡಿ, ಕೆಳಗಿನ ಅಡಿಗೆರೆ ಇರೋ ಜಾಗ ಕ್ಲಿಕ್ ಮಾಡಿ 2 ನಿಮಿಷ ಕೊಡಿ. 120ರವರೆಗೆ ಹೋಗಬಹುದು, ಆದ್ರೆ 2 ಸಾಕು. ಜಾಸ್ತಿ ಕೊಟ್ರೆ ಜನ ಬೇಸತ್ತು ರೂಲ್ ತೆಗೆದೇಬಿಡ್ತಾರೆ. ವಿನಾಯಿತಿ ಪುಟದಲ್ಲಿ ಹೈ ಇಂಪಾರ್ಟೆನ್ಸ್ ಇರೋದನ್ನ ಬಿಡಿ ಅಂತ ಹಾಕಿದ್ರೆ ತುರ್ತಿನದ್ದು ನೇರ ಹೋಗುತ್ತೆ.

ಆ ಎರಡು ನಿಮಿಷ ಮೇಲ್ ಔಟ್‌ಬಾಕ್ಸ್‌ನಲ್ಲಿರುತ್ತೆ, ಬೇಡವಾದ್ರೆ ಅಲ್ಲೇ ಅಳಿಸಿ. ತೆರೆದು ತಿದ್ದಿದ್ರೆ ಮತ್ತೆ ಸೆಂಡ್ ಒತ್ತಲೇಬೇಕು, ಬರೀ ಮುಚ್ಚಿದ್ರೆ ಹೋಗದೆ ಅಲ್ಲೇ ಉಳೀಬಹುದು. ಸೆಂಡ್ ಒತ್ತಿ ತಕ್ಷಣ ಔಟ್‌ಲುಕ್ ಮುಚ್ಚಿ ಮನೆಗೆ ಹೋದವರ ಮೇಲ್ ಕೂಡ ಮರುದಿನ ಬೆಳಿಗ್ಗೆವರೆಗೆ ಕೂತಿರಬಹುದು. ಫೋನ್‌ನಿಂದ, ಬ್ರೌಸರ್‌ನಿಂದ ಕಳಿಸೋದಕ್ಕೆ ಈ ರೂಲ್ ಅನ್ವಯಿಸಲ್ಲ.

ಕಡತವಿಭಾಗ:
ಇಬ್ಬರಿಗೂ ಧನ್ಯವಾದ, ರೂಲ್ ಸೇರಿಸ್ತೀನಿ. ಹಾಗಾದ್ರೆ ಹೊರಗಿನವರಿಗೆ ಹೋಗೇಬಿಟ್ಟಿದ್ರೆ ಮಾಡೋಕೆ ಏನೂ ಇಲ್ವಾ? ಮೂವತ್ತು ಮತ್ತು ಇಬ್ಬರ ಪ್ರಶ್ನೆಯೂ ಬಾಕಿ ಇದೆ.

ಬೀಗದಕೈ:
ಇದೆ. ಮೇಲ್ ತೆಗೆಯೋಕೆ ಆಗದಿದ್ರೂ ಮೇಲ್ ಒಳಗಿನದ್ದನ್ನ ನಿರುಪಯೋಗಿ ಮಾಡಬಹುದು.

ಪಾಸ್‌ವರ್ಡ್ ಹೋಗಿದ್ರೆ ಮೊದಲು ಪಾಸ್‌ವರ್ಡ್ ಬದಲಿಸಿ, ಮಿಕ್ಕಿದ್ದೆಲ್ಲ ಆಮೇಲೆ. ಫೈಲ್ ಒನ್‌ಡ್ರೈವ್ ಕೊಂಡಿಯಾಗಿ ಹೋಗಿದ್ರೆ ಆ ಫೈಲ್‌ನ ಮ್ಯಾನೇಜ್ ಆ್ಯಕ್ಸೆಸ್‌ಗೆ ಹೋಗಿ ಹಂಚಿಕೆ ನಿಲ್ಲಿಸಿ. ಆ ಕಡೆಯವರು ಇನ್ನೂ ಇಳಿಸಿಕೊಂಡಿಲ್ಲದಿದ್ರೆ ಅಲ್ಲಿಗೆ ಬಾಗಿಲು ಮುಚ್ಚಿದ ಹಾಗೆ. ಹಾಗಾಗಿ ಫೈಲ್ ಸೇರಿಸುವಾಗಲೇ ಶೇರ್ ಲಿಂಕ್ ಆರಿಸಿ, ಅಟ್ಯಾಚ್ ಆ್ಯಸ್ ಕಾಪಿ ಬೇಡ ಅಂತ ಬರೀರಿ. ಕಾಪಿ ಆಗಿ ಹೋದದ್ದಕ್ಕೆ ಈ ದಾರಿ ಇಲ್ಲ. ಜಿಮೇಲ್‌ನ ಕಾನ್ಫಿಡೆನ್ಶಿಯಲ್ ಮೋಡ್‌ನಲ್ಲೂ (ಗೋಪ್ಯವಾಗಿ ಕಳಿಸೋ ಆಯ್ಕೆ) ಕಳಿಸಿದ ಮೇಲೆ ಸೆಂಟ್‌ನಲ್ಲಿ ತೆರೆದು ರಿಮೂವ್ ಆ್ಯಕ್ಸೆಸ್ ಒತ್ತಬಹುದು, ಆದ್ರೆ ಸ್ಕ್ರೀನ್‌ಶಾಟ್ ತೆಗೆದಿದ್ರೆ ಅದನ್ನ ಯಾವ ಮೋಡೂ ತಡೆಯಲ್ಲ.

ಇನ್ನು ಮೂವತ್ತು ಜನ, ಹೊರಗಿನ ಇಬ್ಬರು: ನಿಮ್ಮದು ಕ್ಲೌಡ್ ಆದ್ದರಿಂದ ರೀಕಾಲ್ ಒತ್ತಿ, ಒಳಗಿನ ಮೂವತ್ತು ಪ್ರತಿ ಹೋದ್ರೂ ಲಾಭವೇ. ಸ್ವಂತ ಸರ್ವರ್‌ನವರು ಮಾತ್ರ ಯೋಚಿಸಬೇಕು. ಅಲ್ಲಿ ಹೊರಗಿನವರಿಗೆ "ಇಂಥವರು ಈ ಮೇಲ್ ವಾಪಸ್ ಪಡೆಯಲು ಬಯಸುತ್ತಾರೆ" ಅನ್ನೋ ಅರ್ಥದ ಇನ್ನೊಂದು ಮೇಲ್ ತಲುಪುತ್ತೆ. ಕಣ್ತಪ್ಪಿದ್ದ ಮೊದಲ ಮೇಲ್ ಅನ್ನು ಅವರು ಹುಡುಕಿ ಓದೋದು ಆಗಲೇ. ಎರಡೂ ಸಂದರ್ಭದಲ್ಲಿ ಹೊರಗಿನ ಇಬ್ಬರಿಗೆ ಫೋನ್ ಮಾಡಿ, ಅಳಿಸಿ ಅಂತ ನೇರವಾಗಿ ಕೇಳಿ. ಆಮೇಲೆ ಎರಡು ಸಾಲಿನ ಹೊಸ ಮೇಲ್ ಕಳಿಸಿ, ಹಳೇದಕ್ಕೆ ರಿಪ್ಲೈ ಮಾಡಬೇಡಿ. ಮಾಡಿದ್ರೆ ಹಳೇ ಮಾತೆಲ್ಲ ಅದರ ಕೆಳಗೆ ಮತ್ತೊಮ್ಮೆ ಹೋಗುತ್ತೆ.

ಸರ್ವರ್‌ಕೋಣೆ:
ಅಡ್ಮಿನ್ ಹತ್ರ ಕೇಳುವಾಗ ಇನ್ನೂ ಎರಡು ವಿಷಯ ಕೇಳಿ. ಒಂದು, ಸಂಸ್ಥೆಯಲ್ಲಿ ಆರ್ಕೈವ್ ಅಥವಾ ಲೀಗಲ್ ಹೋಲ್ಡ್ (ಕಾನೂನು ಕಾರಣಕ್ಕೆ ಮೇಲ್ ಅಳಿಯದಂತೆ ಕಾಪಿಡೋ ವ್ಯವಸ್ಥೆ) ಇದೆಯಾ ಅಂತ. ಇದ್ರೆ ರೀಕಾಲ್ ಆದ ಮೇಲ್‌ನ ಪ್ರತಿ ಅಲ್ಲಿ ಇದ್ದೇ ಇರುತ್ತೆ, ಇರಬೇಕಾದ್ದೂ ಹೌದು. ಇನ್ನೊಂದು, ಹೊರಗಿನ ವಿಳಾಸ ಸೇರಿಸಿದಾಗ ಬರೆಯೋ ಕಿಟಕಿಯಲ್ಲೇ ಎಚ್ಚರಿಸೋ ಮೇಲ್‌ಟಿಪ್ಸ್. ಅದು ಮೊದಲಿಗೆ ಆಫ್ ಆಗಿರುತ್ತೆ, ಆನ್ ಮಾಡಿಸಿ. ತಪ್ಪು ವಿಳಾಸ ಬಹುಪಾಲು ಬರೋದು ಟು ಜಾಗದಲ್ಲಿ ಎರಡಕ್ಷರ ಹೊಡೆದಾಗ ತಾನೇ ತುಂಬಿಕೊಳ್ಳೋ ಪಟ್ಟಿಯಿಂದ. ಅಲ್ಲಿ ಬೇಡದ ಹೆಸರಿನ ಪಕ್ಕದ ಗುಣಿಸು ಗುರುತು ಒತ್ತಿದ್ರೆ ಅದು ಪಟ್ಟಿಯಿಂದ ಹೋಗುತ್ತೆ.