ಊಟಿ ರೈಲು ‘ನ್ಯಾರೋಗೇಜ್’ ಆದೀತೆ? ‘ಗೇಜ್’ ಮತ್ತು ‘ರ‍್ಯಾಕ್’ ಪದಗಳ ಕನ್ನಡ ರೂಪದ ಬಗ್ಗೆ

ಮಾನ್ಯರೆ,

ಮನೆಯವರೆಲ್ಲ ಕೂಡಿ ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ ನೀಲಗಿರಿಯ ಬೆಟ್ಟದ ರೈಲಿನಲ್ಲಿ ಹೋಗಿಬಂದುದನ್ನು ನಮ್ಮ ಮಕ್ಕಳು ಓದಲೆಂದು ಬರೆಯುತ್ತಿದ್ದೇನೆ. ಎರಡು ಪದಗಳಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ನ್ಯಾರೋಗೇಜ್’. ಇದಕ್ಕೆ ಒಡನೆ ಹೊಳೆಯುವ ಪದ ‘ಕಿರುಹಳಿ’. ಆದರೆ ಕನ್ನಡದಲ್ಲಿ ‘ಹಳಿ’ ಎಂದರೆ ಗಾಲಿ ಉರುಳುವ ಒಂದೊಂದು ಕಂಬಿಯೂ ಹೌದು, ‘ರೈಲು ಹಳಿ ತಪ್ಪಿತು’ ಎನ್ನುವಾಗ ಎರಡೂ ಕಂಬಿ ಸೇರಿದ ದಾರಿಯೂ ಹೌದು. ಇಲ್ಲಿ ಕಿರಿದಾಗಿರುವುದು ಕಂಬಿಯಲ್ಲ, ಎರಡು ಕಂಬಿಗಳ ಒಳಅಂಚುಗಳ ನಡುವಿನ ಅಂತರ. ಹಾಗಾಗಿ ‘ಗೇಜ್’ಗೆ ‘ಹಳಿಯಂತರ’ ಎನ್ನುವುದು ನನಗೆ ಸರಿ ಕಾಣುತ್ತದೆ. ಉಚ್ಚಾರಣೆ ತುಸು ತೊಡಕಾದರೂ ಅರ್ಥ ಕೆಡುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು, ‘ನ್ಯಾರೋಗೇಜ್’ ಎಂಬ ಪದವೇ ಊಟಿ ರೈಲಿಗೆ ಒಪ್ಪುತ್ತದೆಯೇ ಎಂಬುದು. ನಮ್ಮ ದೇಶದ ರೈಲ್ವೆಯ ರೂಢಿಯಲ್ಲಿ 1676 ಮಿಲಿಮೀಟರ್ ಬ್ರಾಡ್‌ಗೇಜ್, 1000 ಮಿಲಿಮೀಟರ್ ಮೀಟರ್‌ಗೇಜ್, 762 ಮತ್ತು 610 ಮಿಲಿಮೀಟರ್‌ಗಳು ನ್ಯಾರೋಗೇಜ್. ಡಾರ್ಜಿಲಿಂಗ್‌ನದು 610, ಕಾಲ್ಕಾ–ಶಿಮ್ಲಾದ್ದು 762. ನೀಲಗಿರಿಯದು ಮಾತ್ರ 1000. ಹೊರದೇಶಗಳಲ್ಲಿ 1435 ಮಿಲಿಮೀಟರಿನ ‘ಸ್ಟ್ಯಾಂಡರ್ಡ್‌ಗೇಜ್’ಗಿಂತ ಕಡಿಮೆಯಿರುವುದನ್ನೆಲ್ಲ ನ್ಯಾರೋಗೇಜ್ ಎನ್ನುವುದರಿಂದ ಇಂಗ್ಲಿಷಿನ ಪ್ರವಾಸಬರಹಗಳು ಇವು ಮೂರನ್ನೂ ಒಂದೇ ಹೆಸರಿನಿಂದ ಕರೆದರೆ ಅದು ಅವುಗಳ ಲೆಕ್ಕಕ್ಕೆ ಸರಿ. ಬೆಂಗಳೂರು–ಮೈಸೂರು ದಾರಿ ಮೀಟರ್‌ಗೇಜ್ ಆಗಿದ್ದ ಕಾಲವನ್ನು ಕಂಡ ಕನ್ನಡ ಓದುಗರಿಗೆ ಮಾತ್ರ ಅದು ತಪ್ಪು ಚಿತ್ರ ಕೊಡುತ್ತದೆ. ‘ಪುಟಾಣಿ ರೈಲು’ ಎನ್ನೋಣವೆಂದರೆ ಬೆಂಗಳೂರಿನ ಮಕ್ಕಳಿಗೆ ನೆನಪಾಗುವುದು ಕಬ್ಬನ್ ಪಾರ್ಕಿನ ಬಾಲಭವನ.

ಎರಡನೆಯದು ‘ರ‍್ಯಾಕ್’. ಕಲ್ಲಾರಿನಿಂದ ಕೂನೂರಿನವರೆಗೆ ಏರು ಎಷ್ಟು ಕಡಿದೆಂದರೆ, ಕೆಲವೆಡೆ ಹನ್ನೆರಡು ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಮೇಲೇರಬೇಕು. ಅಲ್ಲಿ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಎರಡು ಉಕ್ಕಿನ ಪಟ್ಟಿಗಳನ್ನು ಜೋಡಿಯಾಗಿ ಹಾಕಿದ್ದಾರೆ. ಒಂದರ ಹಲ್ಲಿನ ಎದುರಿಗೆ ಇನ್ನೊಂದರ ಸಂದು ಬರುವುದರಿಂದ ಎಂಜಿನ್ನಿನ ಹಲ್ಲುಗಾಲಿಗೆ ಯಾವ ಗಳಿಗೆಯಲ್ಲೂ ಹಿಡಿತ ತಪ್ಪುವುದಿಲ್ಲ. (ಎಂಜಿನ್ ಇರುವುದು ಇಳಿಜಾರಿನ ಕಡೆಯ ತುದಿಯಲ್ಲಿ. ಆದ್ದರಿಂದ ಹತ್ತುವಾಗ ಅದು ಬೋಗಿಗಳನ್ನು ಎಳೆಯುವುದಿಲ್ಲ, ನೂಕುತ್ತದೆ. ‘ಎಳೆಯುತ್ತದೆ’ ಎಂದು ಬರೆಯದಂತೆ ಎಚ್ಚರ ಬೇಕು.) ಇದನ್ನು ‘ಹಲ್ಲುಹಳಿ’ ಎಂದರೆ ಕಿವಿಗೆ ಹಿತ. ಆದರೆ ಬೋಗಿಯ ಭಾರ ಹೊತ್ತು ಗಾಲಿ ಉರುಳುವುದು ಇದರ ಮೇಲಲ್ಲವಾದ್ದರಿಂದ ‘ಹಲ್ಲುಪಟ್ಟಿ’ಯೇ ನಿಖರವೆಂದು ನನ್ನ ಅನಿಸಿಕೆ. ಜೊತೆಗಿದ್ದ ದೊಡ್ಡಮ್ಮನವರು ಇಡೀ ವ್ಯವಸ್ಥೆಯನ್ನು ‘ಕಚ್ಚಿಕೊಂಡು ಹತ್ತೋ ರೈಲು’ ಎಂದರು. ಗೇರಿನ ಹಲ್ಲುಗಳು ಒಂದಕ್ಕೊಂದು ಕೂಡುವುದಕ್ಕೆ ಗ್ಯಾರೇಜುಗಳಲ್ಲಿಯೂ ‘ಕಚ್ಚು’ ಎಂಬ ಕ್ರಿಯಾಪದವನ್ನೇ ಬಳಸುವುದರಿಂದ, ಅದನ್ನು ಹಾಗೆಯೇ ಉಳಿಸಿಕೊಳ್ಳುವ ಮನಸ್ಸಿದೆ.

ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರಗಳ ಮೇಲೆ ಯಲಹಂಕಕ್ಕೆ ಹೋಗುತ್ತಿದ್ದುದು ನಿಜವಾದ ನ್ಯಾರೋಗೇಜ್ ರೈಲು. ತರೀಕೆರೆ–ನರಸಿಂಹರಾಜಪುರದ ದಾರಿ ಅದಕ್ಕಿಂತಲೂ ಕಿರಿದಾಗಿತ್ತು. ಆ ದಾರಿಗಳಲ್ಲಿ ಓಡಾಡಿದ ಹಿರಿಯರು, ಅಲ್ಲಿ ಕೆಲಸ ಮಾಡಿದ ಗ್ಯಾಂಗ್‌ಮನ್‌ಗಳು ಈ ಬಗೆಯ ಹಳಿಗೆ ತಮ್ಮದೇ ಆದ ಹೆಸರನ್ನು ಬಳಸುತ್ತಿದ್ದರೆ? ಕೇಳಿ ಬಲ್ಲವರು ದಯವಿಟ್ಟು ತಿಳಿಸಬೇಕು. ಅಂಥದೊಂದು ಪದ ಸಿಕ್ಕರೆ ‘ಹಳಿಯಂತರ’ವನ್ನು ಕೈಬಿಡಲು ನನಗೆ ಯಾವ ಅಡ್ಡಿಯೂ ಇಲ್ಲ.